ನಡುವಿನ ಹೆಸರು

ನನ್ನ ಚಿಕ್ಕಪ್ಪನ ಹೆಸರು ಯೆರ್ಕೊ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಅರವತ್ತೊಂದು ವರ್ಷ ತುಂಬುವವರೆಗೆ ಆ ಹೆಸರು ಹಿಡಿದು ಅವನನ್ನು ಕರೆದವರು ನಮ್ಮೂರಲ್ಲಿ ಮೂರೇ ಜನ. ಹೆಸರಿಟ್ಟ ಪಾದ್ರಿ, ಹೆತ್ತ ನಮ್ಮಜ್ಜಿ, ಆಮೇಲೆ ಪೆರಿನಾ. ಉಳಿದ ಊರಿಗೆಲ್ಲ ಅವನು ‘ಮರಿ’.

ನಮ್ಮ ದ್ವೀಪದ ದೋಣಿಗಳಲ್ಲಿ ಮರಿ ಎನ್ನುವುದು ಒಂದು ಕೆಲಸದ ಹೆಸರು. ದೋಣಿಯಲ್ಲಿ ಎಲ್ಲರಿಗಿಂತ ಕಿರಿಯವನು ಮರಿ. ಹಲಗೆ ತೊಳೆಯುವುದು, ಒಲೆ ಹಚ್ಚುವುದು, ದೊಡ್ಡವರ ಬೂಟಿನೊಳಗಿನ ನೀರು ಚೆಲ್ಲಿ ಒಣಗಿಸುವುದು, ಮೀನು ಸಿಗದ ದಿನ ಎಲ್ಲರ ಸಿಟ್ಟಿಗೆ ತಲೆಯೊಡ್ಡುವುದು ಅವನ ಪಾಲು. ಅದರಲ್ಲಿ ಅವಮಾನವೇನಿಲ್ಲ. ನಮ್ಮಪ್ಪ ಕುಜ್ಮಾ ಕೂಡ ಎರಡು ವರ್ಷ ಮರಿಯಾಗಿದ್ದವನೇ. ಹೊಸ ಹುಡುಗನೊಬ್ಬ ದೋಣಿ ಹತ್ತಿದ ದಿನ ಹಳೆಯ ಮರಿಗೆ ಅವನ ಹೆಸರು ವಾಪಸು ಸಿಗುತ್ತದೆ. ಮೀಸೆ ಬಲಿತು, ಸಮುದ್ರದ ಮಾತು ಬಂದಾಗ ನಾಲ್ಕು ಜನ ಅವನ ಕಡೆ ತಿರುಗುವಂತಾದರೆ ಆ ಹೆಸರಿನ ಮುಂದೆ ‘ಬಾರ್ಬಾ’ ಸೇರುತ್ತದೆ. ಯಾರೂ ಸಭೆ ಕರೆದು ಕೊಡುವುದಿಲ್ಲ. ಒಂದು ದಿನ ಯಾರೋ ದಡದಿಂದ ಬಾರ್ಬಾ ಎಂದು ಕೂಗುತ್ತಾರೆ, ಅವನು ತಿರುಗಿ ನೋಡುತ್ತಾನೆ, ಅಷ್ಟೇ. ಹಲ್ಲು ಬಿದ್ದು ಇಗರ್ಜಿಯ ಮುಂದಿನ ಬೆಂಚು ಹಿಡಿದ ಮೇಲೆ ತಾತ. ನಮ್ಮ ಗಂಡಸರ ಬದುಕು ಇಷ್ಟೇ ಮೂರು ಮೆಟ್ಟಿಲು. ಹೆಂಗಸರಿಗೆ ಅಷ್ಟೂ ಇಲ್ಲ, ಆ ಮಾತು ಇರಲಿ.

ಯೆರ್ಕೊಗೆ ಹನ್ನೊಂದು ವರ್ಷವಿದ್ದಾಗ ನಮ್ಮಜ್ಜ ನೀರಿನ ತೊಟ್ಟಿ ತೋಡುವಾಗ ಬಂಡೆ ಉರುಳಿ ಸತ್ತ. ಮಣ್ಣು ಮಾಡಿದ ಮಾರನೆಯ ದಿನವೇ ನಮ್ಮಪ್ಪ ತಮ್ಮನ ಕೈಹಿಡಿದು ದೋಣಿಗೆ ಕರೆದೊಯ್ದ. ಅಪ್ಪನಿಗೆ ಆಗ ಇಪ್ಪತ್ತೆರಡು. ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು, ತಪ್ಪೆನ್ನಲಾರೆ. ಯೆರ್ಕೊ ಮರಿಯಾದ. ಆದರೆ ಅವನ ಹಿಂದೆ ಇನ್ನೊಬ್ಬ ಮರಿ ಬರಲಿಲ್ಲ. ಊರಿನ ಹುಡುಗರು ದೊಡ್ಡ ಹಡಗುಗಳನ್ನು ಸೇರಿದರು, ಆಸ್ಟ್ರೇಲಿಯಾಕ್ಕೆ ಹೋದರು, ಓದಲೆಂದು ಎದುರು ದಡದ ಸ್ಪ್ಲಿತ್ ನಗರಕ್ಕೆ ಹೋದವರು ಅಲ್ಲೇ ಮನೆ ಮಾಡಿದರು. ನಮ್ಮ ದೋಣಿಗೆ ಆಮೇಲೆ ಬಂದವರೆಲ್ಲ ಬೆಳೆದ ಗಂಡಸರು, ತಮ್ಮ ಹೆಸರು ತಾವೇ ಹೊತ್ತು ತಂದವರು. ಎಂಜಿನ್ ನೋಡಿಕೊಳ್ಳುವ ತೊಂಕೊ ಯೆರ್ಕೊಗಿಂತ ಹನ್ನೆರಡು ವರ್ಷ ಚಿಕ್ಕವನು. ಅವನು ಬಂದ ಮೂರನೇ ವರ್ಷಕ್ಕೇ ಬಾರ್ಬಾ ತೊಂಕೊ ಆದ. ಯೆರ್ಕೊ ಅವನ ಬೂಟನ್ನೂ ಒಣಗಿಸಿದ.

ನಾನು ಐದು ವರ್ಷದವಳಿದ್ದಾಗ ಅವನ ಹೆಗಲ ಮೇಲೆ ಕೂತು, ಕೂದಲು ಜಗ್ಗಿ, “ನಡಿ ಮರಿ, ಜೋರಾಗಿ ನಡಿ” ಎನ್ನುತ್ತಿದ್ದೆನಂತೆ. ಅವನು ಕುದುರೆಯ ಹಾಗೆ ಓಡುತ್ತಿದ್ದ. ಚಿಕ್ಕಪ್ಪ ಅನ್ನು ಎಂದು ಮನೆಯಲ್ಲಿ ಯಾರೂ ನನಗೆ ಹೇಳಿಕೊಡಲಿಲ್ಲ. ನನ್ನ ಮದುವೆಯಾದ ಮೇಲೆ ನಾನಾಗಿಯೇ ಹಾಗೆ ಕರೆಯಲು ಶುರುಮಾಡಿದೆ. ಅವನು ನಕ್ಕ. ಖುಷಿಯಾಯಿತೆಂದು ಕಾಣುತ್ತದೆ. ಆದರೆ ಅದು ಅಡುಗೆಮನೆಯೊಳಗಿನ ಹೆಸರು. ಅವನಿಗೆ ಬೇಕಾಗಿದ್ದುದು ದಡದಲ್ಲಿ ಕೂಗುವ ಹೆಸರು.

ಅವನಿಗೆ ಇಪ್ಪತ್ತನಾಲ್ಕಾದಾಗ ಆಲಿವ್ ಗಾಣದ ಫ್ರಾನೆಯ ಮಗಳು ಪೆರಿನಾಳನ್ನು ಕೇಳಲು ಹೋದ. ನಮ್ಮಪ್ಪನೂ ಜೊತೆಗಿದ್ದ. ಗಾಣಕ್ಕೆ ಬುತ್ತಿ ಕೊಟ್ಟು ಬಾ ಎಂದು ಅಮ್ಮ ಕಳಿಸಿದ್ದರಿಂದ ನಾನೂ ಅಲ್ಲಿದ್ದೆ, ಹದಿಮೂರರ ಹುಡುಗಿ. ಫ್ರಾನೆ ಎಣ್ಣೆಗೈ ಒರೆಸಿಕೊಳ್ಳುತ್ತ ಹೊರಗೆ ಬಂದ.

“ಹುಡುಗ ಒಳ್ಳೆಯವನೇ. ಕುಡಿಯಲ್ಲ, ಬಡಿಯಲ್ಲ,” ಎಂದ. “ಆದ್ರೆ ಕುಜ್ಮಾ, ಮರಿಗೆ ಹೆಣ್ಣು ಕೊಟ್ಟೆ ಅಂತಿಟ್ಕೋ, ನಾಳೆ ಹುಟ್ಟೋ ಮಗೂನ ಊರೋರು ಏನಂತ ಕರೀಬೇಕು? ಮರಿಮರಿ ಅಂತ್ಲಾ?”

ಗಾಣದಲ್ಲಿದ್ದವರೆಲ್ಲ ನಕ್ಕರು. ನಮ್ಮಪ್ಪನೂ ನಕ್ಕ. ‘ಇವನು ನನ್ನ ದೋಣಿಯ ಗಂಡಸು’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಪ್ಪ ಹೇಳಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ಪೆರಿನಾ ಮುಖ ಮುಚ್ಚಿಕೊಂಡು ಒಳಗೆ ಹೋದದ್ದನ್ನು ನಾನು ನೋಡಿದೆ. ಮುಂದಿನ ವರ್ಷ ಅವಳು ಸ್ಪ್ಲಿತ್‌ನಲ್ಲಿ ಬೇಕರಿ ಇಟ್ಟವನೊಬ್ಬನನ್ನು ಮದುವೆಯಾಗಿ ಹೋದಳು. ಯೆರ್ಕೊ ಆಮೇಲೆ ಯಾರನ್ನೂ ಕೇಳಲಿಲ್ಲ.

ಬಹಳ ವರ್ಷಗಳ ನಂತರ ಒಮ್ಮೆ ಅಪ್ಪನನ್ನು ಕೇಳಿದೆ. “ಅವತ್ತು ಯಾಕೆ ಸುಮ್ಮನಿದ್ದೆ?”

ಅಪ್ಪ ಮುಚ್ಚುಮರೆ ಮಾಡಲಿಲ್ಲ. “ಗಂಡಸು ಅಂತ ಒಪ್ಕೊಂಡ್ರೆ ನಾಳೆ ತನ್ನದೇ ದೋಣಿ ಮಾಡ್ತೀನಿ ಅಂತಾನೆ. ನನ್ನ ಬಲೆ ಎಳೆಯೋರು ಯಾರು?”

ಇನ್ನೊಂದು ಅವಕಾಶ ಬಂದದ್ದು ನನ್ನ ತಮ್ಮ ಲೊವ್ರೆ ದೋಣಿ ಹತ್ತಿದಾಗ. ಲೊವ್ರೆಗೆ ಹದಿನೈದು, ಯೆರ್ಕೊಗೆ ಮೂವತ್ತೆರಡು. ಅವತ್ತು ಬೆಳಿಗ್ಗೆ ಯೆರ್ಕೊ ಗಡ್ಡ ಹೆರೆದು, ಭಾನುವಾರದ ಬಿಳಿ ಅಂಗಿ ತೊಟ್ಟು ದಡಕ್ಕೆ ಬಂದ. ಮೀನು ಹಿಡಿಯಲು ಬಿಳಿ ಅಂಗಿ ಯಾರು ಹಾಕುತ್ತಾರೆ? ಎಲ್ಲರಿಗೂ ಅರ್ಥವಾಗಿತ್ತು. ಅಪ್ಪ ದೋಣಿಯ ಮೇಲಿಂದ ಕೂಗಿದ: “ಲೇ ಮರಿ, ಸ್ವಲ್ಪ ಆ ಕಡೆ ಸರಿಯೋ. ಚಿಕ್ಕ ಯಜಮಾನ್ರಿಗೆ ಕೂರಕ್ಕೆ ಜಾಗ ಬಿಡು.” ಯೆರ್ಕೊ ಸರಿದ. ಒಡೆಯನ ಮಗ ಮರಿಯಾಗುವುದಿಲ್ಲ ಎನ್ನುವ ಹೊಸ ನಿಯಮ ಅವತ್ತು ಹುಟ್ಟಿತು.

ಅಪ್ಪ ಎಪ್ಪತ್ತೆರಡಕ್ಕೆ, ಫೆಬ್ರವರಿಯ ಒಂದು ವಾರ, ತೆಂಕಣ ಗಾಳಿ ಬಿಡದೆ ಬೀಸುತ್ತಿದ್ದಾಗ ತೀರಿಕೊಂಡ. ದೋಣಿ ಲೊವ್ರೆಗೆ ಬಂತು. ಶವಸಂಸ್ಕಾರದ ದಿನ ಸ್ಮಶಾನದಿಂದ ಇಳಿದು ಬರುವಾಗಲೇ ಜನ ಅವನನ್ನು ಬಾರ್ಬಾ ಲೊವ್ರೆ ಎನ್ನತೊಡಗಿದರು. ಅವನಿಗೆ ನಲವತ್ತನಾಲ್ಕು. ಮನೆಯಲ್ಲಿ ಊಟಕ್ಕೆ ಕೂತಾಗ ಮೇಜಿನ ತುದಿಯ ಕುರ್ಚಿ ಖಾಲಿಯಿತ್ತು. ಯೆರ್ಕೊ ಅದರ ಬೆನ್ನಿನ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತ. ಲೊವ್ರೆ ಬಂದು ಅದರಲ್ಲಿ ಕೂತ. ತಿರುಗಿಯೂ ನೋಡದೆ, “ಮರಿ, ನೆಲಮಾಳಿಗೆಯಿಂದ ವೈನ್ ತಗೊಂಬಾ,” ಎಂದ.

ಆ ವಸಂತದಲ್ಲೇ ಒಂದು ಬೆಳಿಗ್ಗೆ ಯೆರ್ಕೊ ನನ್ನ ಅಂಗಡಿಗೆ ಬಂದು, ಏನೂ ಕೊಳ್ಳದೆ, ಬ್ರೆಡ್ಡಿನ ಪೆಟ್ಟಿಗೆಯ ಪಕ್ಕ ನಿಂತುಕೊಂಡ. ನನ್ನದು ಹಡಗುಕಟ್ಟೆಯ ಎದುರಿನ ಸಣ್ಣ ಅಂಗಡಿ. ಬ್ರೆಡ್ಡು, ಗ್ಯಾಸ್ ಸಿಲಿಂಡರು, ಬಲೆಯ ದಾರ ಎಲ್ಲ ಸಿಗುತ್ತದೆ. ಹಿಂದಿನ ದಿನ ಕಣ್ಣು ತೋರಿಸಲು ಅವನು ಸ್ಪ್ಲಿತ್‌ಗೆ ಹೋಗಿದ್ದ.

“ಹಡಗಲ್ಲಿ ಟಿಕೆಟ್ ಕೊಡೋ ಹುಡುಗಿ ಇದಾಳಲ್ಲ,” ಎಂದ, “ಏನಂದ್ಲು ಗೊತ್ತಾ? ‘ತಾತ, ಪಿಂಚಣಿ ಕಾರ್ಡ್ ಇದ್ರೆ ತೋರ್ಸಿ, ಕಮ್ಮಿ ಆಗತ್ತೆ’ ಅಂದ್ಲು.”

“ಒಳ್ಳೇದೇ ಆಯ್ತಲ್ಲ ಚಿಕ್ಕಪ್ಪ, ಉಳೀತು.”

“ಹಡಗು ಹತ್ತೋವಾಗ ಲೊವ್ರೆ ‘ಹುಷಾರು ಮರಿ’ ಅಂದಿದ್ದ. ಕಾಲು ಗಂಟೆ ಆಗಿಲ್ಲ, ತಾತ ಆಗ್ಬಿಟ್ಟೆ. ನಡುವೆ ಒಂದಿತ್ತಲ್ಲ, ದಿಂಕಾ? ಅದು ಯಾವಾಗ ಬಂತು, ಯಾವಾಗ ಹೋಯ್ತು? ನಾನು ಮಲಗಿದ್ನಾ?”

ನಾನು ನಕ್ಕೆ. ನಗಬಾರದಿತ್ತು. ಅವನು ನಗುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಹಸ್ತಬಹಾದೂರ್ ಬಂದ. ನೇಪಾಳದವನು. ಮೂರು ವರ್ಷ ಝಾದರ್ ಕಡೆಯ ಒಂದು ಮೀನಿನ ಕಾರ್ಖಾನೆಯಲ್ಲಿದ್ದು ನಮ್ಮ ಮಾತು ಕಲಿತಿದ್ದ. ಈಗೀಗ ಬಲೆ ಎಳೆಯಲು ನಮ್ಮವರು ಸಿಗುವುದಿಲ್ಲ, ಲೊವ್ರೆ ಕಾಗದಪತ್ರ ಮಾಡಿಸಿ ಕರೆಸಿಕೊಂಡ. ಗಟ್ಟಿಮುಟ್ಟಾದ ಕುಳ್ಳ ಆಳು, ಕಿವಿಯ ಹತ್ತಿರ ನರೆ. ದಡಕ್ಕಿಳಿದವನೇ ಚೀಲ ಕೆಳಗಿಟ್ಟು ಒಬ್ಬೊಬ್ಬರಿಗೂ ಕೈಮುಗಿದು, ಒಬ್ಬೊಬ್ಬರ ವಯಸ್ಸನ್ನೂ ಕೇಳಿದ.

“ಯಾಕಪ್ಪಾ? ಹೆಣ್ಣು ನೋಡಕ್ ಬಂದಿದೀಯಾ?” ಎಂದ ತೊಂಕೊ.

“ಅಲ್ಲ. ನಮ್ಮಲ್ಲಿ ವಯಸ್ಸು ಗೊತ್ತಿಲ್ದೆ ಮಾತೇ ಆಡಕ್ಕಾಗಲ್ಲ. ಅಣ್ಣನೋ ತಮ್ಮನೋ ತಿಳೀಬೇಕು. ನನಗೆ ನಲವತ್ತಾರು.”

ಅರವತ್ತೊಂದು ಎಂದ ಯೆರ್ಕೊಗೆ ಅವನು ಬಾಗಿ, “ದಾಯ್” ಎಂದ. ಅವರ ಭಾಷೆಯಲ್ಲಿ ಅಣ್ಣ. ನನ್ನನ್ನು ದೀದಿ ಎಂದ. ಆಮೇಲೆ ಲೊವ್ರೆಯ ಕಡೆ ತಿರುಗಿ, ನಲವತ್ತನಾಲ್ಕು ಎಂದು ಕೇಳಿ, ಮುಖ ಅರಳಿಸಿ, “ಹಾಗಾದ್ರೆ ನೀವು ಭಾಯ್!” ಎಂದ.

“ಹಂಗಂದ್ರೇನು?”

“ತಮ್ಮ.”

ತೊಂಕೊ ಹೊಟ್ಟೆ ಹಿಡಿದುಕೊಂಡು ನಕ್ಕ. “ಕೇಳಿದ್ರಾ, ದೋಣಿ ಒಡೆಯ ಇವನ ತಮ್ಮನಂತೆ! ಲೇ ತಮ್ಮಾ, ಅಣ್ಣನ ಚೀಲ ಎತ್ಕೊಳ್ಳೋ!”

ದಡದ ಮೇಲಿದ್ದವರೆಲ್ಲ ನಕ್ಕರು. ಯೆರ್ಕೊ ಎಲ್ಲರಿಗಿಂತ ಜೋರಾಗಿ ನಕ್ಕ. ಲೊವ್ರೆ ಮಾತ್ರ ನಗಲಿಲ್ಲ. “ನೋಡು, ಇಲ್ಲಿ ನಾನು ಬಾರ್ಬಾ,” ಎಂದ. “ನಿನಗೂ ಬಾರ್ಬಾ, ನಿಮ್ಮಪ್ಪ ಬಂದ್ರೂ ಬಾರ್ಬಾ.” ಹಸ್ತ ತಕ್ಷಣ ತಲೆಬಾಗಿ, “ಸರಿ, ಬಾರ್ಬಾ,” ಎಂದ. ಅಲ್ಲಿಗೆ ಮುಗಿಯಿತೆಂದು ನಾನಂದುಕೊಂಡೆ. ನನ್ನ ತಮ್ಮ ಯಾವುದನ್ನೂ ಮರೆಯುವವನಲ್ಲ ಎನ್ನುವುದನ್ನು ನಾನೇ ಮರೆತಿದ್ದೆ.

ಆಮೇಲಿನ ಎರಡು ತಿಂಗಳು ಯೆರ್ಕೊ ಬೇರೆಯೇ ಮನುಷ್ಯ. ಬೆಳಿಗ್ಗೆ ದೋಣಿ ಬಂದ ಮೇಲೆ ಇಬ್ಬರೂ ನನ್ನ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತು ಬಲೆ ಹೊಲಿಯುತ್ತಿದ್ದರು. ನಾನು ಕೆಂಡದ ಮೇಲೆ ಸುಟ್ಟ ಬೂತಾಯಿ ಮೀನು, ಬ್ರೆಡ್ಡು, ಈರುಳ್ಳಿ ಕೊಡುತ್ತಿದ್ದೆ. ಹಸ್ತ ಮೊದಲ ತುಂಡನ್ನು ಯೆರ್ಕೊಗೆ ಬಡಿಸದೆ ತಾನು ಮುಟ್ಟುತ್ತಿರಲಿಲ್ಲ. ಏನು ಕೊಟ್ಟರೂ ಬಲಗೈಯಲ್ಲಿ, ಎಡಗೈ ಮೊಣಕೈಗೆ ತಾಗಿಸಿ ಕೊಡುತ್ತಿದ್ದ.

“ದಾಯ್, ಈ ಗಂಟು ಹೀಗಾ?”

“ಏನಂದೆ? ಗಾಳಿಗೆ ಕೇಳಿಸ್ಲಿಲ್ಲ.”

“ದಾಯ್, ಈ ಗಂಟು ಹೀಗಾ ಅಂದೆ.”

ಗಾಳಿ ಇರುತ್ತಲೇ ಇರಲಿಲ್ಲ. ಯೆರ್ಕೊಗೆ ಅದನ್ನು ಎರಡು ಸಲ ಕೇಳಬೇಕಿತ್ತು.

ಅವನು ಹಸ್ತನಿಗೆ ಎಲ್ಲ ಕಲಿಸಿದ. ಯಾವ ಮೋಡ ಕಂಡರೆ ಬಡಗಣ ಗಾಳಿ ಬರುತ್ತದೆ, ಯಾವ ಬಂಡೆಯ ಹಿಂದೆ ಮೀನು ಮಲಗುತ್ತದೆ, ಎಲ್ಲ. ಐವತ್ತು ವರ್ಷದಲ್ಲಿ ಯಾರೂ ಅವನನ್ನು ಕೇಳದಿದ್ದ ಸಂಗತಿಗಳು. ತನ್ನ ಅಟ್ಟದ ಒಣ ಅಂಜೂರ ತಂದು ಕೊಟ್ಟ. ಹಸ್ತನ ಫೋನಿನಲ್ಲಿ ಅವನ ಮೊಮ್ಮಗುವಿನ ಚಿತ್ರ ನೋಡಿ, “ಇದು ನನಗೇನಾಗ್ಬೇಕು?” ಎಂದು ಕೇಳಿದ. “ನಿಮಗೂ ಮೊಮ್ಮಗಳೇ ದಾಯ್,” ಎಂದ ಹಸ್ತ.

ಒಮ್ಮೆ ಯೆರ್ಕೊ ಇಲ್ಲದಾಗ ಹಸ್ತ ನನ್ನನ್ನು ಕೇಳಿದ. “ದೀದಿ, ಅಷ್ಟು ದೊಡ್ಡವರನ್ನ ಮಗು ಅಂತ ಯಾಕೆ ಕರೀತಾರೆ?” ನಾನು ಮರಿಯ ಕಥೆಯನ್ನೆಲ್ಲ ಹೇಳಿದೆ. ಅವನು, “ನಮ್ಮೂರಲ್ಲಿ ಹಾಗಂದ್ರೆ ಹೊಡೆದಾಟ ಆಗತ್ತೆ,” ಎಂದ. ಆ ಪದದ ಭಾರ ಅವನಿಗೆ ಗೊತ್ತಿತ್ತು ಎಂದು ತಿಳಿಸಲು ಇದನ್ನು ಹೇಳಿದೆ.

ಜೂನ್ ಕೊನೆಯಲ್ಲಿ ಸಂತ ಪೀಟರನ ಹಬ್ಬ. ಬೆಸ್ತರ ಹಬ್ಬ ಅದು. ಮಧ್ಯಾಹ್ನ ಹಡಗುಕಟ್ಟೆಯ ಮೇಲೆ ಉದ್ದಕ್ಕೂ ಮೇಜು ಹಾಕುತ್ತಾರೆ, ದೋಣಿ ದೋಣಿಯವರು ಒಟ್ಟಿಗೆ ಕೂರುತ್ತಾರೆ. ನಮ್ಮ ಮೇಜಿನಲ್ಲಿ ಲೊವ್ರೆ, ತೊಂಕೊ, ಯೆರ್ಕೊ, ಹಸ್ತ, ನಾನು. ಎರಡು ಹೂಜಿ ಕೆಂಪು ವೈನ್ ಖಾಲಿಯಾಗಿತ್ತು. ಲೊವ್ರೆ ಲೋಟ ಹಿಡಿದು ಎದ್ದು ನಿಂತ. ಪಕ್ಕದ ಮೇಜುಗಳೂ ಸುಮ್ಮನಾದವು.

“ಒಂದು ನ್ಯಾಯದ ಮಾತು ಹೇಳ್ತೀನಿ,” ಎಂದ. “ನಮ್ಮ ದೋಣೀಲಿ ಕೊನೆಗೆ ಬಂದೋನು ಮರಿ ಅಂತ ತಾನೇ ಅಜ್ಜನ ಕಾಲದ ರೂಢಿ? ಕೊನೆಗೆ ಬಂದೋನು ಯಾರು? ಇವನು.” ಹಸ್ತನ ಹೆಗಲ ಮೇಲೆ ಕೈಯಿಟ್ಟ. “ಇವತ್ತಿಂದ ಮರಿ ಇವನು. ನಮ್ಮ ಚಿಕ್ಕಪ್ಪ ಇವತ್ತಿಂದ ಬಾರ್ಬಾ ಯೆರ್ಕೊ!”

ದಡವೆಲ್ಲ ಎದ್ದು ಕೂಗಿತು. ಬಾರ್ಬಾ ಯೆರ್ಕೊ! ಬಾರ್ಬಾ ಯೆರ್ಕೊ! ಮುದುಕರು ಬೆಂಚಿನ ಮೇಲಿಂದ ಕೂಗಿದರು. ಯೆರ್ಕೊನ ಕಣ್ಣಲ್ಲಿ ನೀರು ದಳದಳ ಇಳಿಯಿತು. ಒರೆಸಿಕೊಳ್ಳುವುದೂ ಹೊಳೆಯದೆ ನಿಂತಿದ್ದ. ನಾನೂ ಚಪ್ಪಾಳೆ ತಟ್ಟಿದೆ. ಕೈ ನೋಯುವಷ್ಟು ತಟ್ಟಿದೆ. ಹಸ್ತನ ಕಡೆ ನೋಡಲೇ ಇಲ್ಲ.

ಗದ್ದಲ ಇಳಿದ ಮೇಲೆ ಲೊವ್ರೆ ಕೂತು, ನಗುತ್ತ, “ಇನ್ನೇನು ನಿಂತಿದೀಯ ಬಾರ್ಬಾ? ನಿನ್ನ ಮರಿನ ಕರಿ. ಹೂಜಿ ಖಾಲಿ,” ಎಂದ.

ಆಗ ಯೆರ್ಕೊ ಹಸ್ತನನ್ನು ನೋಡಿದ. ಹಸ್ತ ಅವನನ್ನೇ ನೋಡುತ್ತಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ, ಅಣ್ಣ ಏನೋ ಹೇಳುತ್ತಾನೆ ಎಂದು ಕಾಯುತ್ತಿರುವವನ ಹಾಗಿದ್ದ. ‘ಬೇಡ ಬಿಡು ಲೊವ್ರೆ’ ಎಂದು ನಕ್ಕುಬಿಟ್ಟಿದ್ದರೂ ಆಗುತ್ತಿತ್ತು. ತಾನೇ ಎದ್ದು ಹೋಗಿ ತಂದಿದ್ದರೂ ಆಗುತ್ತಿತ್ತು. ಇಡೀ ದಡ ನೋಡುತ್ತಿತ್ತು. ಯೆರ್ಕೊ ಒಮ್ಮೆ ಗಂಟಲು ಸರಿಮಾಡಿಕೊಂಡ.

“ಮರಿ,” ಎಂದ. “ವೈನ್ ತಗೊಂಬಾ.”

ಹಸ್ತ ಎದ್ದು ಹೋದ. ಹೂಜಿ ತುಂಬಿಸಿ ತಂದು, ಮೊದಲು ಯೆರ್ಕೊನ ಲೋಟಕ್ಕೇ ಬಗ್ಗಿಸಿದ. ಎಂದಿನಂತೆ ಎಡಗೈ ಮೊಣಕೈಗೆ ತಾಗಿತ್ತು.

“ತಗೊಳ್ಳಿ, ಬಾರ್ಬಾ,” ಎಂದ.

ಯೆರ್ಕೊಗೆ ಆ ಕ್ಷಣ ಅದು ತಿಳಿಯಲಿಲ್ಲ. ಅವನು ಕುಡಿದ. ನನಗೆ ತಿಳಿಯಿತು.

ಮಾರನೆಯ ದಿನದಿಂದ ಯೆರ್ಕೊ ಆ ಪದವನ್ನು ಹೊಸ ಚಾಕುವಿನ ಹಾಗೆ ಬಳಸತೊಡಗಿದ. ಕೈಗೆಟುಕುವ ದೂರದಲ್ಲಿ ಹಸ್ತ ಇದ್ದರೂ ಮೂರನೇ ಬೀದಿಗೆ ಕೇಳಿಸುವಂತೆ “ಮರೀ!” ಎಂದು ಕೂಗುತ್ತಿದ್ದ. ತೊಳೆದ ಹಲಗೆಯನ್ನು ಮತ್ತೆ ತೊಳೆಸುತ್ತಿದ್ದ. ಕಲ್ಲಿನ ಮೇಲೆ ಕೂತು ಬೂಟು ಕಳಚಿ ಕಾಲು ಚಾಚುತ್ತಿದ್ದ. ನಮ್ಮಪ್ಪನಾದರೂ ಆ ಪದವನ್ನು ಯೋಚನೆಯಿಲ್ಲದೆ ಆಡುತ್ತಿದ್ದ. ಇವನು ಚೆನ್ನಾಗಿ ಯೋಚಿಸಿ ಆಡುತ್ತಿದ್ದ. ಹಸ್ತ ಹೇಳಿದ್ದನ್ನೆಲ್ಲ ಮಾಡಿದ. ಗಂಟು ಹೀಗಾ ಎಂದು ಮಾತ್ರ ಇನ್ನು ಕೇಳಲಿಲ್ಲ. ಊಟವನ್ನು ದೋಣಿಯ ಹಿಂಭಾಗದಲ್ಲಿ ಒಬ್ಬನೇ ಮಾಡತೊಡಗಿದ.

ಆಗಸ್ಟ್‌ನಲ್ಲಿ ಒಂದು ದಿನ ನಾನು ತಡೆಯಲಾರದೆ ಕೇಳಿದೆ. “ಅವನೂ ಗಂಡಸಲ್ವಾ ಚಿಕ್ಕಪ್ಪ? ಮೊಮ್ಮಗು ಕಂಡವನು.”

“ನಾನು ಐವತ್ತು ವರ್ಷ ಹೊತ್ತಿದೀನಿ. ಅವನು ಐದು ತಿಂಗಳು ಹೊರಲಿ, ಸಾಯಲ್ಲ.”

“ಹೊರಿಸಿದವರಿಗೆ ವಾಪಸ್ ಕೊಡ್ಬೇಕಿತ್ತು. ಇವನೇನು ಮಾಡಿದ್ದ ನಿನಗೆ?”

“ಯಾರಿಗೆ ಕೊಡ್ಲಿ? ಕುಜ್ಮಾ ಎಲ್ಲಿದಾನೆ ಈಗ? ಸಮಾಧಿ ಮೇಲೆ ಇಟ್ಟು ಬರ್ಲಾ?” ಎಂದವನು ಧ್ವನಿ ತಗ್ಗಿಸಿ, “ನಿನಗೂ ಸಹಿಸಕ್ಕಾಗ್ತಿಲ್ಲ ಅಲ್ವಾ, ನನ್ನನ್ನ ಬಾರ್ಬಾ ಅನ್ನೋದು?” ಎಂದ.



ಸೆಪ್ಟೆಂಬರ್ ಎರಡನೇ ವಾರ ಹಸ್ತನ ಅಪ್ಪ ಊರಿನಲ್ಲಿ ಸತ್ತ. ಫೋನು ಬಂದಾಗ ಅವನು ನನ್ನ ಅಂಗಡಿಯ ಮುಂದೆಯೇ ಇದ್ದ. ಮೀನಿನ ಪೆಟ್ಟಿಗೆ ಕೆಳಗಿಟ್ಟು, ನೆಲದ ಮೇಲೆ ಕೂತು, ಶಬ್ದವಿಲ್ಲದೆ ಅತ್ತ. ಆಮೇಲೆ ಮುಖ ತೊಳೆದು ಲೊವ್ರೆಯ ಬಳಿ ಹೋದ. ತಾನು ಹಿರಿಯ ಮಗ, ಊರಿಗೆ ಹೋಗಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆದರೆ ಹದಿಮೂರು ದಿನ ಸೂತಕ. ತಲೆ ಬೋಳಿಸಿ, ಉಪ್ಪು ಬಿಟ್ಟು, ಒಪ್ಪೊತ್ತು ಉಂಡು, ಒಂದು ಕಡೆ ಕೂರಬೇಕು. ಮೀನು ಮುಟ್ಟುವಂತಿಲ್ಲ. ಅಷ್ಟು ದಿನ ರಜೆ ಬೇಕು.

“ಹದಿಮೂರು ದಿನಾನಾ? ಮೀನು ಬರೋ ಕಾಲದಲ್ಲಾ?” ಎಂದ ಲೊವ್ರೆ. ಇಲ್ಲ ಎನ್ನಲು ಅವನಿಗೂ ಬಾಯಿ ಬರಲಿಲ್ಲ. ಕಲ್ಲಿನ ಮೇಲೆ ಕೂತಿದ್ದ ಯೆರ್ಕೊನ ಕಡೆ ತಿರುಗಿದ. “ನೀವು ಹಿರಿಯರು. ಬಾರ್ಬಾ ಯೆರ್ಕೊ, ನೀವೇನಂತೀರಿ?”

ನೀವು ಎಂದ. ಹುಟ್ಟಿದಾಗಿನಿಂದ ಯೆರ್ಕೊನ ಅಭಿಪ್ರಾಯವನ್ನು ಯಾರಾದರೂ ನಾಲ್ಕು ಜನರೆದುರು ಕೇಳಿದ್ದರೆ ಅದೇ ಮೊದಲು. ಅವನು ನೆಟ್ಟಗೆ ಕೂತ.

“ಮರಿಗೆ ರಜೆ ಎಲ್ಲಿಂದ?” ಎಂದ. “ನಮ್ಮಪ್ಪ ಸತ್ತ ಮಾರನೇ ದಿನ ನಾನು ದೋಣಿ ಹತ್ತಿದ್ದೆ. ಹನ್ನೊಂದು ವರ್ಷ ನನಗೆ. ಯಾರೂ ಹದಿಮೂರು ದಿನ ಕೊಡ್ಲಿಲ್ಲ.”

ಹಸ್ತ ಅವನನ್ನು ಬಹಳ ಹೊತ್ತು ನೋಡಿದ. ಆಮೇಲೆ ಪೆಟ್ಟಿಗೆ ಎತ್ತಿಕೊಂಡು ಹೋದ.

ನನ್ನ ಅಂಗಡಿಯ ಹಿತ್ತಲಲ್ಲಿ ಅವನೇ ಕ್ಷೌರದ ಕತ್ತಿಯಿಂದ ತಲೆ ಬೋಳಿಸಿಕೊಂಡ. ನಾನು ನೀರು ಹೊಯ್ದೆ. ಬಿಳಿ ಬಟ್ಟೆ ಬೇಕೆಂದ. ಪಂಚೆಯಷ್ಟು ಅಗಲದ ಹಳೆಯ ಮೇಜುಹಾಸೊಂದನ್ನು ಹರಿದು ಕೊಟ್ಟೆ. ದಿನಕ್ಕೊಮ್ಮೆ ನನ್ನ ಹಿಂದಿನ ಕೋಣೆಯ ಒಲೆಯ ಮೇಲೆ ಉಪ್ಪಿಲ್ಲದ ಅನ್ನ ಬೇಯಿಸಿಕೊಂಡು, ತುಪ್ಪದ ಬದಲು ಆಲಿವ್ ಎಣ್ಣೆ ಕಲಸಿಕೊಂಡು ತಿಂದ. ಅಪ್ಪನ ಸೂತಕದ ಹದಿಮೂರು ದಿನವೂ ಮೊಣಕೈವರೆಗೆ ಮೀನಿನಲ್ಲಿದ್ದ. ಪ್ರತಿದಿನ ದೋಣಿಯಿಂದ ಇಳಿದ ಮೇಲೆ ಅರ್ಧ ಗಂಟೆ ಕೈ ತೊಳೆಯುತ್ತಿದ್ದ. ನಾನು ಇಟ್ಟ ಸಾಬೂನು ಸವೆದು ಚೂರಾಯಿತು. ತೊಂಕೊ ಅವನ ಬೋಳುತಲೆ ನೋಡಿ, “ಈಗ ನೋಡು, ನಿಜವಾಗ್ಲೂ ಹೊಟ್ಟೆಯಿಂದ ಬಿದ್ದ ಮರಿ ತರ ಇದಾನೆ,” ಎಂದ. ಯೆರ್ಕೊ ನಕ್ಕ. ಪೂರ್ತಿ ನಗಲಿಲ್ಲ, ನಡುವೆ ನಿಲ್ಲಿಸಿದ. ಆದರೂ ನಕ್ಕದ್ದು ನಕ್ಕದ್ದೇ.

ಹದಿನಾಲ್ಕನೆಯ ದಿನ ಬೆಳಿಗ್ಗೆ ಹಸ್ತ ಚೀಲ ಕಟ್ಟಿಕೊಂಡು ಹಡಗುಕಟ್ಟೆಗೆ ಬಂದ. ಝಾದರ್‌ನಲ್ಲಿ ಕಟ್ಟಡದ ಕೆಲಸ ಸಿಕ್ಕಿತ್ತು. ಲೊವ್ರೆ ಒಂದಷ್ಟು ಕೂಗಾಡಿ, ಕೊನೆಗೆ “ಹೋದ್ರೆ ಹೋಗ್ಲಿ” ಎಂದು ಮನೆಗೆ ಹೋಗಿದ್ದ. ನಾನು ಬ್ರೆಡ್ಡು, ಟೊಮೆಟೊ ಕಟ್ಟಿಕೊಟ್ಟೆ. “ನಿಮ್ಮ ಒಲೆ ಮರೆಯಲ್ಲ ದೀದಿ,” ಎಂದು ಹಸ್ತ ನನ್ನ ಕಾಲು ಮುಟ್ಟಿದ. ಹಾಗೆ ಯಾರೂ ನನ್ನ ಕಾಲು ಮುಟ್ಟಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಅವನ ಬೋಳುತಲೆಯ ಮೇಲೆ ಕೈಯಿಟ್ಟೆ.

ಹಡಗು ಇನ್ನೇನು ಬರಬೇಕು, ಯೆರ್ಕೊ ಬಂದ. ಕೈಯಲ್ಲಿ ಒಂದು ಶೀಶೆ ಎಣ್ಣೆ, ಒಂದು ಚೀಲ ಒಣ ಅಂಜೂರ. ಓಡಿ ಬಂದಿದ್ದರಿಂದ ಏದುಸಿರು.

“ಹಸ್ತ,” ಎಂದ. ಜೂನ್ ಆದ ಮೇಲೆ ಆ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. “ಇದು ದಾರಿಗೆ ಇಟ್ಕೋ.”

“ಭಾರ ಆಗತ್ತೆ ಬಾರ್ಬಾ. ಬೇಡ.”

“ಬಾರ್ಬಾ ಅನ್ಬೇಡ್ವೋ. ಮೊದ್ಲು ಕರೀತಿದ್ಯಲ್ಲ, ಹಂಗೆ ಕರಿ. ಒಂದ್ಸಲ ಕರಿ, ಸಾಕು.”

ಹಡಗು ದಡಕ್ಕೆ ತಾಗಿ ಹಲಗೆ ಇಳಿಸುತ್ತಿದ್ದರು. ಹಸ್ತ ಚೀಲ ಹೆಗಲಿಗೇರಿಸಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

“ಅಣ್ಣ ಅನ್ನೋನು ಇದ್ದಿದ್ರೆ, ಅಪ್ಪ ಸತ್ತಾಗ ಪಕ್ಕದಲ್ಲಿ ಕೂತ್ಕೋತಿದ್ದ, ಬಾರ್ಬಾ,” ಎಂದು ಹೇಳಿ ಹಲಗೆ ಹತ್ತಿದ.

ಯೆರ್ಕೊ ಶೀಶೆ ಹಿಡಿದುಕೊಂಡು ಹಡಗು ತಿರುಗುವವರೆಗೆ ನಿಂತಿದ್ದ. ಟಿಕೆಟಿನ ಹುಡುಗಿ ಮೇಲಿಂದ, “ತಾತ, ಅಂಚಿಂದ ಹಿಂದೆ ಬನ್ನಿ, ಬೀಳ್ತೀರಿ,” ಎಂದು ಕೂಗಿದಳು.

ಬೇರೆ ಆಳು ಸಿಗಲಿಲ್ಲ. ನಾಲ್ಕು ದಿನ ದೋಣಿ ನಿಂತಿತು. ಐದನೆಯ ದಿನ ಸಂಜೆ ಮೂವರೇ ಹೊರಟರು. ತೊಂಕೊ ಎಂಜಿನ್ ಶುರುಮಾಡಿದ, ಲೊವ್ರೆ ಚುಕ್ಕಾಣಿ ಹಿಡಿದ. ಹಗ್ಗ ಬಿಚ್ಚುವವರಿಲ್ಲ. ನಾನು ಅಂಗಡಿ ಬಾಗಿಲು ಹಾಕುತ್ತಿದ್ದೆ. ಲೊವ್ರೆ ಯಾವ ಯೋಚನೆಯೂ ಇಲ್ಲದೆ, ಕೆಟ್ಟ ಮನಸ್ಸೂ ಇಲ್ಲದೆ, ಅಭ್ಯಾಸಬಲದಿಂದ ಕೂಗಿದ: “ಮರಿ, ಹಗ್ಗ ಬಿಚ್ಚೋ.” ಯೆರ್ಕೊ ಇಳಿದು ಬಂದು ಬಿಚ್ಚಿದ. ಒಂದು ವಾರದಲ್ಲಿ ಊರೆಲ್ಲ ಮತ್ತೆ ಅದನ್ನೇ ಅನ್ನತೊಡಗಿತು. ಹಬ್ಬದ ದಿನ ಗಂಟಲು ಹರಿಯುವಂತೆ ಬಾರ್ಬಾ ಎಂದು ಕೂಗಿದವರಿಗೆ ಅದು ನೆನಪಿದ್ದಂತೆಯೂ ಕಾಣಲಿಲ್ಲ. ಅವನು ಎಲ್ಲದಕ್ಕೂ ಓಗೊಟ್ಟ.

ಹಸ್ತ ಹೊಸ ವರ್ಷಕ್ಕೆ ನನಗೆ ಫೋನು ಮಾಡಿದ್ದ. ಕೂದಲು ಬಂದಿದೆಯಂತೆ. ಕೆಲಸ ಕಷ್ಟ, ಆದರೆ ಅಲ್ಲಿ ಅವನ ಊರಿನವರೇ ಏಳೆಂಟು ಜನ ಇದ್ದಾರಂತೆ, ಎಲ್ಲರಿಗೂ ಇವನೇ ದಾಯ್. ನನ್ನ ಮೊಣಕಾಲು ನೋವು ಹೇಗಿದೆ ಎಂದು ಕೇಳಿದ, ಅಂಗಡಿ ಹೇಗಿದೆ ಎಂದು ಕೇಳಿದ, ಹಿತ್ತಲಿನ ನಿಂಬೆಗಿಡ ಚಳಿಗೆ ಒಣಗಿತೋ ಎಂದೂ ಕೇಳಿದ.

ಮಾರನೆಯ ದಿನ ಯೆರ್ಕೊ ಬ್ರೆಡ್ಡಿಗೆ ಬಂದ. ಫೋನು ಬಂದದ್ದು ಅವನಿಗೆ ಹೇಗೋ ಗೊತ್ತಾಗಿತ್ತು.

“ಚೆನ್ನಾಗಿದಾನಂತಾ?” ಎಂದ.

“ಚೆನ್ನಾಗಿದಾನೆ.”

ಚಿಲ್ಲರೆ ಎಣಿಸುವವನಂತೆ ಅಂಗೈ ನೋಡುತ್ತ ನಿಂತ. “ನನ್ನ ಬಗ್ಗೆ ಏನಾದ್ರೂ ಕೇಳಿದ್ನಾ?”

ಕೇಳಿದ ಎಂದು ಹೇಳಬಹುದಿತ್ತು. ಅರವತ್ತೆರಡರ ಮನುಷ್ಯ, ನನ್ನನ್ನು ಹೆಗಲ ಮೇಲೆ ಹೊತ್ತವನು. ಒಂದು ಸುಳ್ಳು ಹೇಳಿದ್ದರೆ ನನಗೇನೂ ಹೋಗುತ್ತಿರಲಿಲ್ಲ. ಆದರೆ ಸವೆದುಹೋದ ಆ ಸಾಬೂನಿನ ಚೂರು ಕಣ್ಣ ಮುಂದೆ ಬಂತು.

“ಇಲ್ಲ,” ಎಂದೆ.

ಅವನು ತಲೆಯಾಡಿಸಿ, ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು, ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಮೆಲ್ಲಗೆ ಎಳೆದುಕೊಂಡು ಹೊರಗೆ ಹೋದ.